ನೊರೆಹಾಲು ಬೇಡ ಅವ್ವ

ಆಸ್ಟಿನ್, ಟೆಕ್ಸಸ್
ಜೂನ್ 2024

ಅವ್ವನಿಗೆ ನಮಸ್ಕಾರ,

ನಾನು ಚೆನ್ನಾಗಿದ್ದೇನೆ. ಬಿಸಿಲು ಮಾತ್ರ ಸಾಕುಸಾಕಾಗಿದೆ. ಮೊನ್ನೆ ಫೋನಿನಲ್ಲಿ "ಹಸುವಿಗೆ ಕೋಳಿ ಜ್ವರ ಬರುತ್ತಾ? ಕೇಳಿದವರು ನಗ್ತಾರೆ" ಅಂದೆಯಲ್ಲ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಕಾಗದ. ಅಣ್ಣನ ಕೈಲಿ ಓದಿಸಿಕೋ.

ಕೋಳಿ ಜ್ವರ ತರುವ ಈ ಫ್ಲೂ ವೈರಸ್ಸು ಮೊದಲಿಗೆ ನೀರುಹಕ್ಕಿಗಳದ್ದು. ಕಾಡುಬಾತುಗಳ ಹೊಟ್ಟೆಯಲ್ಲಿ ಎಷ್ಟೋ ಸಲ ಸುಮ್ನೆ ಇದ್ದುಬಿಡುತ್ತದೆ. ಯಾವ ಪ್ರಾಣಿಯ ಮೈಗೆ ಹೊಗಬೇಕಾದರೂ ಅದು ಜೀವಕೋಶದ ಮೇಲಿನ ಒಂದು ಬಗೆಯ ಸಕ್ಕರೆಯನ್ನು ಹಿಡಿದುಕೊಳ್ಳಬೇಕು. ಹಕ್ಕಿಯ ಸಕ್ಕರೆ ಬೇರೆ, ನಮ್ಮ ಮೂಗು ಗಂಟಲಿನದು ಬೇರೆ. ಅದಕ್ಕೇ ಹಕ್ಕಿ ಜ್ವರ ನಮಗೆ ಸುಲಭವಾಗಿ ಅಂಟುವುದಿಲ್ಲ. ಹಂದಿಯಲ್ಲಿ ಎರಡೂ ಇವೆ. ಎರಡು ಕಡೆಯ ವೈರಸ್ಸು ಒಂದೇ ಹಂದಿಗೆ ಹೊಕ್ಕರೆ ತಮ್ಮ 8 ತುಂಡು ಜೀನುಗಳನ್ನು ಇಸ್ಪೀಟು ಎಲೆಯ ಹಾಗೆ ಕಲಸಿಬಿಡುತ್ತವೆ. 2009ರ ಹಂದಿ ಜ್ವರ ಹಾಗೆ ಕಲಸಿ ಬಂದದ್ದೇ.

ಹಸುವಿನದು ಬೇರೆಯೇ ಕಥೆ. ಈ ವರ್ಷ ಇಲ್ಲಿನ ಹಸುಗಳು ಮೇವು ಬಿಟ್ಟವು. ಹಾಲು ಇಳಿಯಿತು. ಬಂದದ್ದೂ ಗಿಣ್ಣಿನ ಹಾಗೆ ಗಟ್ಟಿ, ಹಳದಿ. ಮಾರ್ಚ್‌ನಲ್ಲಿ ಪರೀಕ್ಷೆ ಮಾಡಿದರೆ ಎಚ್‌5ಎನ್‌1 ಅನ್ನುವ ಹಕ್ಕಿ ಜ್ವರದ ವೈರಸ್ಸು! 2020ರಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲಿ ಕೋಳಿಗಳನ್ನೆಲ್ಲ ಕೊಲ್ಲಿಸಿದರಲ್ಲ, ಅಂಥದ್ದೇ ಜ್ವರ. ಇಲ್ಲಿನ ಹಸುಗಳಲ್ಲಿ ಅದು ಸೇರಿಕೊಂಡದ್ದು ಮೂಗಿನಲ್ಲಲ್ಲ, ಕೆಚ್ಚಲಿನಲ್ಲಿ. ಅಲ್ಲಿ ಹಕ್ಕಿಯ ಬಗೆಯ ಸಕ್ಕರೆಯೇ ತುಂಬಿದೆಯಂತೆ. ಇಲ್ಲಿ ಒಂದೇ ಮೆಷೀನನ್ನು ಒಂದಾದ ಮೇಲೊಂದು ಹಸುವಿಗೆ ಹಾಕಿ ಕರೆಯುತ್ತಾರೆ, ಹರಡುವುದಕ್ಕೆ ಇನ್ನೇನು ಬೇಕು? ನಮ್ಮ ಗೌರಿಗೆ ನಿನ್ನ ಕೈಯೇ ಮೆಷೀನು, ಬಿಡು.

ನನ್ನ ಎದೆ ಧಸಕ್ಕೆಂದದ್ದು ಬೆಕ್ಕುಗಳ ಸುದ್ದಿ ಓದಿ. ಆ ಕೊಟ್ಟಿಗೆಗಳಲ್ಲಿ ಹಸಿ ಹಾಲು ಕುಡಿದ ಬೆಕ್ಕುಗಳು ಕಣ್ಣು ಕಾಣದೆ, ಓಲಾಡಿ ಸತ್ತವು. ನೀನು ಕರೆಯಲು ಕೂತರೆ ಬಾಲ ಎತ್ತಿಕೊಂಡು ಬರುತ್ತದಲ್ಲ, ಆ ಕರಿಬೆಕ್ಕು ನೆನಪಾಯಿತು. ಆಮೇಲೆ ಪುಟ್ಟ. ಅವನಿಗೂ ಚೊಂಬಿನಿಂದಲೇ ನೊರೆಹಾಲು ಕೊಡುತ್ತೀಯ ಅಲ್ವಾ? ನನ್ನನ್ನೂ ಹಾಗೇ ಬೆಳೆಸಿದೆ. ನಮ್ಮ ಹಸುವಿಗೆ ಬಂದಿದೆ ಅಂತಲ್ಲ. ಆದರೂ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ನಮ್ಮ ಕೆರೆಗೂ ಇಳಿಯುತ್ತವೆ. ಕೋಳಿ, ಹಸು, ಬೆಕ್ಕು ಎಲ್ಲ ಒಂದೇ ಕೊಟ್ಟಿಗೆಯಲ್ಲಿ. ಚೆನ್ನಾಗಿ ಕಾಯಿಸಿದರೆ ವೈರಸ್ಸು ಸಾಯುತ್ತದೆ. ಡೈರಿ ಪ್ಯಾಕೆಟ್ಟಿನದು ಕಾಯಿಸಿಯೇ ಬರುವುದು, ಅದರ ಚಿಂತೆ ಬೇಡ.

ಬೆಕ್ಕಿಗೂ ಉಕ್ಕಿಸಿದ್ದನ್ನೇ ಹಾಕು. ಪುಟ್ಟ ನೊರೆ ಬೇಕೇ ಬೇಕು ಅಂತ ಹಠ ಹಿಡಿದರೆ ಕಾಯಿಸಿದ ಹಾಲನ್ನು ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ಕೊಡು. ಅವನಿಗೆ ಗೊತ್ತಾಗುವುದಿಲ್ಲ.

ಇಂತಿ,
ನಿನ್ನ ಮಗಳು