ಭಾಷಣ ಕಡಿಮೆ ಮಾಡಿ, ಬೊಂಬೆ ಜಾಸ್ತಿ ಕಳಿಸಿ

ಚಿಕ್ಕಮಗಳೂರು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಆಲ್ದೂರು ಕಡೆಯ ಸಣ್ಣ ಬೆಳೆಗಾರ. ಆರು ಎಕರೆ ಕಾಫಿ, ಅದರೊಳಗೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಈ ಪತ್ರ ರಸ್ತೆ ಕೇಳೋದಕ್ಕಲ್ಲ, ಕಾಡಾನೆ ವಿಷಯಕ್ಕೂ ಅಲ್ಲ. ಅವಕ್ಕೆ ಬೇರೆ ಅರ್ಜಿಗಳಿವೆ. ಇದು ಬೊಂಬೆ ಕೇಳೋದಕ್ಕೆ: ಹೃದಯ ನಿಂತು ಬಿದ್ದವರ ಎದೆ ಒತ್ತಿ ಉಳಿಸೋದನ್ನು, ಅಂದರೆ ಸಿಪಿಆರ್ ಅನ್ನು, ಕಲಿಸುವ ಬೊಂಬೆ. ನಗಬೇಡಿ, ಪೂರ್ತಿ ಓದಿ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ಪಕ್ಕದ ತೋಟದಲ್ಲಿ ಮೆಣಸು ಕೊಯ್ಲು ನಡೀತಿತ್ತು. ಈಗೆಲ್ಲ ಬಿದಿರಿನ ಏಣಿ ಹೋಗಿ ಅಲ್ಯೂಮಿನಿಯಂ ಏಣಿ ಬಂದಿದೆ. ಹಗುರ, ಒಬ್ಬನೇ ಎತ್ತಬಹುದು. ಹಗುರ ಅಂತಲೇ ಅದನ್ನು ಮಲಗಿಸದೆ ನಿಂತ ಹಾಗೇ ಮರದಿಂದ ಮರಕ್ಕೆ ಸಾಗಿಸುತ್ತಾರೆ. ಆ ಹುಡುಗನೂ ಹಾಗೇ ಮಾಡಿದ. ಏಣಿಯ ತುದಿ ಮೇಲಿದ್ದ ತಂತಿಗೆ ತಾಗಿತು. ಲೈನ್ ಟ್ರಿಪ್ ಆಯಿತು, ಹುಡುಗ ಬಿದ್ದ.

ಕೂಗು ಕೇಳಿ ಓಡಿದೆ. ನಾನು ಹೋಗುವಷ್ಟರಲ್ಲಿ ಒಬ್ಬರು ಅವನ ಅಂಗಾಲು ಉಜ್ಜುತ್ತಿದ್ದರು, ಒಬ್ಬರು ಟವೆಲ್‌ನಲ್ಲಿ ಗಾಳಿ ಬೀಸುತ್ತಿದ್ದರು. ಬಾಯಿಗೆ ನೀರು ಬಿಡಲು ಹೋದವನು ನಾನೇ. ಆಮೇಲೆ ಜೀಪಿನ ಹಿಂದಿನ ಸೀಟಿನಲ್ಲಿ ಮಡಿಸಿ ಕೂರಿಸಿಕೊಂಡು ಹೊರಟೆವು. ಆಸ್ಪತ್ರೆ ಮುಟ್ಟಲು 40 ನಿಮಿಷ. ಅಷ್ಟು ಹೊತ್ತೂ ಅವನ ಎದೆಯ ಮೇಲೆ ಯಾರೂ ಕೈ ಇಡಲಿಲ್ಲ. ಇಡಬೇಕು ಅಂತ ಜೀಪಿನಲ್ಲಿದ್ದ ಐದು ಜನಕ್ಕೂ ಗೊತ್ತಿರಲಿಲ್ಲ. ಅವನಿಗೆ 26 ವರ್ಷ.

ಎದೆ ಒತ್ತಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಆದರೆ ಕರೆಂಟ್ ಹೊಡೆದಾಗ ಎಷ್ಟೋ ಸಲ ಚೆನ್ನಾಗಿದ್ದ ಹೃದಯವೇ ತಾಳ ತಪ್ಪಿ ನಿಂತುಬಿಡುತ್ತದೆ. ರಕ್ತ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳು ಕೆಡಲು ಶುರು. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ನಮ್ಮ 40 ನಿಮಿಷ ನೆನಪಾಗಿ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಆಮೇಲೆ ಕಲಿಯಲು ಹೊರಟೆ. ಎರಡು ತರಬೇತಿಗೆ ಹೋದೆ. ಎರಡರ ಕಥೆಯನ್ನೂ ಹೇಳುತ್ತೇನೆ, ಯಾಕಂದ್ರೆ ನನ್ನ ಬೇಡಿಕೆ ಅದರಲ್ಲೇ ಇದೆ.

ಮೊದಲನೆಯದು ಒಂದು ‘ಅರಿವು ಕಾರ್ಯಕ್ರಮ’. ಹತ್ತಕ್ಕೆ ಅಂದದ್ದು ಹನ್ನೊಂದಕ್ಕೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ. ವೇದಿಕೆ ಮೇಲೆ ಒಂಬತ್ತು ಜನ, ಒಂಬತ್ತೂ ಜನ ಮಾತಾಡಿದರು. ಪ್ರಾಣ ಅಮೂಲ್ಯ ಅಂತ ಎಲ್ಲರೂ ಹೇಳಿದರು, ನಮಗೂ ಗೊತ್ತಿತ್ತು. ಹನ್ನೆರಡೂವರೆಗೆ ಬೊಂಬೆ ಬಂತು. ಸುಮಾರು 80 ಜನಕ್ಕೆ ಒಂದು ಬೊಂಬೆ. ನನ್ನ ಸರದಿ ಬಂದಾಗ ಆರು ಸಲ ಒತ್ತಿದೆ. ಏಳನೆಯದಕ್ಕೆ ಹಿಂದಿನವರು ಭುಜ ತಟ್ಟಿದರು. ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸರ್ಟಿಫಿಕೇಟೂ ಕೊಟ್ಟರು.

ಎರಡನೆಯದು ಹಾಸನದಲ್ಲಿ, ಅಕ್ಕನ ಮನೆಯಲ್ಲಿ ಉಳಿದುಕೊಂಡು ಸ್ವಂತ ದುಡ್ಡು ಕೊಟ್ಟು ಕಲಿತದ್ದು. 12 ಜನ, ಮೂರು ಬೊಂಬೆ, ಕಲಿಸಲು ಒಬ್ಬ ನರ್ಸಮ್ಮ. ಬೊಂಬೆ ಅಂದರೆ ಸೊಂಟದಿಂದ ಮೇಲಿನ ದೇಹ ಅಷ್ಟೇ. ಸರಿಯಾಗಿ ಒತ್ತಿದರೆ ಒಳಗಿಂದ ‘ಟಿಕ್’ ಅನ್ನುತ್ತದೆ. ನಾನು ಮಂಡಿಯೂರಿ ಒತ್ತಿದೆ, ಸದ್ದೇ ಇಲ್ಲ. ಆ ನರ್ಸಮ್ಮ ಪಕ್ಕದಲ್ಲಿ ಕೂತು, “ಅಣ್ಣಾ, ನೀವು ಎದೆ ಸವರ್ತಾ ಇದೀರಿ. ಒತ್ತಿ” ಅಂದರು. ಮೊಣಕೈ ಮಡಿಸಬಾರದು, ಭುಜ ನೇರ ಕೈ ಮೇಲೆ ಬರಬೇಕು, ಬಲ ತೋಳಿನದಲ್ಲ, ಸೊಂಟದಿಂದ ಬರಬೇಕು. ದೊಡ್ಡವರಿಗಾದರೆ ಎದೆಗೂಡಿನ ನಡುವೆ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ಆರು ದಾಟದ ಹಾಗೆ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಎರಡು ನಿಮಿಷಕ್ಕೆ ಅಂಗಿ ಒದ್ದೆ. ಕಾಫಿ ಮೂಟೆ ಹೊತ್ತವನು ನಾನು, ಆದರೂ ಕೈ ನಡುಗಿತು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕಂತೆ. ಇದು ಭಾಷಣ ಕೇಳಿದರೆ ಬರುತ್ತಾ, ಹೇಳಿ?

ಇನ್ನೊಂದು ತಮಾಷೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, 30 ಒತ್ತಿ ಎರಡು ಸಲ ಉಸಿರು ಕೊಡಬೇಕು. ಎಣಿಸುತ್ತಾ ಹೋದೆ. ಹತ್ತರವರೆಗೆ ಸರಾಗ. ‘ಇಪ್ಪತ್ತೇಳು, ಇಪ್ಪತ್ತೆಂಟು’ ಅನ್ನುವ ಹೊತ್ತಿಗೆ ನಾಲಿಗೆ ಉದ್ದವಾಗಿ ಕೈ ನಿಧಾನವಾಗುತ್ತದೆ! ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ. ನರ್ಸಮ್ಮ ಕಂಡುಕೊಂಡ ಉಪಾಯ ಸುಲಭದ್ದು: ಒಂದರಿಂದ ಹತ್ತು, ಮೂರು ಸಲ. ಬಾಯಿಗೆ ಬಾಯಿ ಕೊಡಲು ಮನಸ್ಸಾಗದಿದ್ದರೆ, ಅಥವಾ ಬರದಿದ್ದರೆ, ಸುಮ್ನೆ ಎದೆ ಒತ್ತುತ್ತಲೇ ಇದ್ದರೂ ಆಯಿತು. ಏನೂ ಮಾಡದೆ ನಿಲ್ಲೋದಕ್ಕಿಂತ ಅದು ಎಷ್ಟೋ ಮೇಲು. ಪಕ್ಕೆಲುಬು ಮುರಿದರೆ ಏನ್ ಗತಿ ಅಂತ ಒಬ್ಬರು ಕೇಳಿದರು. “ಮುರಿದ ಮೂಳೆ ಕೂಡುತ್ತೆ, ಒತ್ತಿ” ಅಂದರು ನರ್ಸಮ್ಮ.

ಅವತ್ತೇ ಗೊತ್ತಾದ ಇನ್ನೊಂದು ಸಂಗತಿ: ಬಿದ್ದವನು ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಎಳೆದರೆ ಅದು ಉಸಿರಾಟ ಅಲ್ಲ. ನಮ್ಮ ಹುಡುಗ ಹಾಗೆ ಎಳೆಯುತ್ತಿದ್ದ. ‘ಉಸಿರಿದೆ, ಉಸಿರಿದೆ’ ಅಂತ ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು.

ಮಧ್ಯಾಹ್ನದ ಪಾಠ ನಮ್ಮ ಕಾಫಿ ನಾಡಿಗೇ ಬರೆದ ಹಾಗಿತ್ತು. ಕತ್ತಿ ತಾಗಿದರೆ ನಾವು ಮೊದಲು ಹುಡುಕೋದು ಕಾಫಿ ಪುಡಿ ಡಬ್ಬಿ ಅಲ್ವಾ? ಅದು ಬೇಡ, ಶುದ್ಧ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಸುಟ್ಟರೆ ಪೇಸ್ಟ್ ಬೇಡ, 20 ನಿಮಿಷ ನಲ್ಲಿ ನೀರು ಬಿಡಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ. ಹಾವು ಕಚ್ಚಿದರೆ ಹಗ್ಗ ಕಟ್ಟಬೇಡಿ, ಕುಯ್ಯಬೇಡಿ, ಕೈಕಾಲು ಅಲುಗಾಡದ ಹಾಗೆ ನೋಡಿಕೊಂಡು ಆಸ್ಪತ್ರೆಗೆ ಹೊರಡಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳಲ್ಲಿ ಇವತ್ತಿಗೂ ಮೊದಲು ಬರೋದು ಹಗ್ಗ.

2025ರ ಜೂನ್, ಜುಲೈ ನಿಮಗೂ ನೆನಪಿರಬೇಕು. ಪಕ್ಕದ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು, ಸಾವು ಅಸಹಜವಾಗಿ ಏರಿಲ್ಲ ಅಂತ ಅದು ಹೇಳಿತು. ಆ ದಿನಗಳಲ್ಲಿ ಜನ ಇಸಿಜಿಗೆ ಮುಗಿಬಿದ್ದರು. ತಪ್ಪೇನಿಲ್ಲ. ಆದರೆ ‘ನನ್ನ ಎದುರಿಗೆ ಒಬ್ಬರು ಬಿದ್ದರೆ ನಾನೇನು ಮಾಡಲಿ’ ಅಂತ ಕೇಳಿದವರು ನನ್ನ ಕಿವಿಗಂತೂ ಬೀಳಲಿಲ್ಲ. ಹೃದಯಾಘಾತ ಬೇರೆ, ಹೃದಯ ನಿಲ್ಲೋದೇ ಬೇರೆ. ಮೊದಲನೆಯದಕ್ಕೆ ಆಸ್ಪತ್ರೆ ಬೇಕು. ಎರಡನೆಯದಕ್ಕೆ ಆಸ್ಪತ್ರೆಗೂ ಮೊದಲು ಪಕ್ಕದಲ್ಲಿ ನಿಂತವರ ಎರಡು ಕೈ ಬೇಕು. 108 ಈ ರಾಜ್ಯದಲ್ಲಿ 2008ರಿಂದ ಇದೆ, ಅದನ್ನು ದೂರುವ ಪತ್ರ ಇದಲ್ಲ. ನಮ್ಮ ತಿರುವು, ಏರು, ಮಳೆ, ನೆಟ್‌ವರ್ಕ್ ಎಲ್ಲ ದಾಟಿ ಯಾವ ಗಾಡಿಯೂ ನಾಲ್ಕು ನಿಮಿಷದಲ್ಲಿ ಬರಲಾರದು.

ಹಾಗಾಗಿ ಕೇಳುತ್ತಿದ್ದೇನೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಂದು ದಿನದ ತರಬೇತಿ ಮಾಡಿಸಿ. ವೇದಿಕೆ ಬೇಡ. ಆರು ಜನಕ್ಕೆ ಒಂದಾದರೂ ಬೊಂಬೆ ಇರಲಿ. ಪ್ರತಿ ಪಂಚಾಯಿತಿಗೂ ಕೊಳ್ಳಬೇಕಿಲ್ಲ, ಹೋಬಳಿಗೊಂದು ಸೆಟ್ ಇಟ್ಟು ಊರಿಂದೂರಿಗೆ ತಿರುಗಿಸಿದರೆ ಸಾಕು. ಕಲಿಸಲು ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳಿವೆ, ಚಿಕ್ಕಮಗಳೂರಿನಲ್ಲೇ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಸಮಯ ಮಾತ್ರ ನಮ್ಮನ್ನು ಕೇಳಿ ಇಡಿ. ನವೆಂಬರ್‌ನಿಂದ ಜನವರಿ ಕಾಫಿ ಕೊಯ್ಲು, ಆಮೇಲೆ ಏಪ್ರಿಲ್‌ವರೆಗೆ ಮೆಣಸು. ಆಗ ಕರೆದರೆ ಕೂಲಿ ಬಿಟ್ಟು ಯಾರೂ ಬರಲ್ಲ. ಆಷಾಢದ ಮಳೆ ಹಿಡಿದಾಗ ಕರೆಯಿರಿ.

ಯಾರನ್ನು ಕರೆಯಬೇಕು ಅನ್ನೋದೂ ಮುಖ್ಯ. ಅಧ್ಯಕ್ಷರು, ಸದಸ್ಯರು ಬರಲಿ, ಬೇಡ ಅನ್ನಲ್ಲ. ಆದರೆ ಮೊದಲ ಸಾಲಿನಲ್ಲಿ ತೋಟದ ಲೆಕ್ಕ ನೋಡುವ ರೈಟರ್‌ಗಳು, ಮೇಸ್ತ್ರಿಗಳು, ಲೈನ್‌ಮನ್‌ಗಳು, ಮುಳ್ಳಯ್ಯನಗಿರಿಗೆ ಓಡಾಡುವ ಜೀಪಿನ ಡ್ರೈವರ್‌ಗಳು, ಸ್ತ್ರೀಶಕ್ತಿ ಸಂಘದವರು ಇರಬೇಕು. ಅಸ್ಸಾಂ ಕಡೆಯಿಂದ ಬಂದ ಕೆಲಸದವರು ಈಗ ಲೈನ್ ಮನೆಗಳಲ್ಲಿ ಜಾಸ್ತಿ. ಅವರಿಗೆ ಅರ್ಥವಾಗುವ ಮಾತಿನಲ್ಲೂ ಹೇಳಿಸಿ. ಏಣಿಯ ಪಾಠ ಮರೆಯಬೇಡಿ. ತಂತಿ ಕಂಡಲ್ಲಿ ಏಣಿ ಮಲಗಿಸಿ ಒಯ್ಯಬೇಕು. ಯಾರಿಗಾದರೂ ಕರೆಂಟ್ ಹೊಡೆದರೆ ಲೈನ್ ಬಂದ್ ಆಗಿದೆ ಅಂತ ಖಾತ್ರಿ ಆಗುವವರೆಗೆ ಹತ್ತಿರ ಹೋಗಬಾರದು. ಅವತ್ತು ನಾವು ಏನೂ ಕೇಳದೆ ನುಗ್ಗಿದ್ದೆವು, ನಮ್ಮ ಪುಣ್ಯ.

ದೀಪಾವಳಿ ಹೊತ್ತಿಗೆ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ಬರಿಗಾಲಲ್ಲಿ ಹತ್ತುತ್ತಾರೆ. ರಾತ್ರಿಯೇ ಹೊರಡುವವರು, ಉಪವಾಸ ಇರುವವರು, ವಯಸ್ಸಾದವರು ಎಲ್ಲ ಇರುತ್ತಾರೆ. ಅಲ್ಲಿ ದಾರಿಯುದ್ದಕ್ಕೂ ತರಬೇತಿ ಪಡೆದ ಹುಡುಗರು ನಿಂತಿರಲಿ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಒಂದೆರಡಾದರೂ ಇರಲಿ. ಅದು ಏನು ಮಾಡಬೇಕು ಅಂತ ತಾನೇ ಮಾತಾಡಿ ಹೇಳುತ್ತದೆ, ಡಾಕ್ಟರೇ ಬೇಕು ಅಂತಿಲ್ಲ.

ಪೊಲೀಸ್ ಕೇಸಿನ ಭಯವೊಂದು ಇದೆ. ‘ಮುಟ್ಟಿದರೆ ನಮ್ಮ ತಲೆಗೇ ಬರುತ್ತೆ’ ಅನ್ನುವ ಮಾತು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ದಿನಾ ಕೇಳುತ್ತದೆ. ರಸ್ತೆ ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಇದನ್ನು ಪ್ರತಿ ಪಂಚಾಯಿತಿಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಬಣ್ಣದ ಖರ್ಚು ಅಷ್ಟೇ.

ನಮ್ಮ ಪಂಚಾಯಿತಿಯಿಂದಲೇ ಶುರು ಮಾಡುವುದಾದರೆ ಒಂದು ವಾರ ಮೊದಲು ತಿಳಿಸಿ. ಹಾಲ್ ಗುಡಿಸಿ ಇಡುತ್ತೇವೆ, ಊಟ ನಮ್ಮ ಕಡೆಯಿಂದ. ಶಾಮಿಯಾನ, ಮೈಕು, ಕುರ್ಚಿ ಯಾವುದಕ್ಕೂ ಖರ್ಚು ಮಾಡಬೇಡಿ. ಎದೆ ಒತ್ತೋದು ನೆಲದ ಮೇಲೆ, ಜಮಖಾನ ನಾವೇ ತರುತ್ತೇವೆ.

ಇಂತಿ,
ಆಲ್ದೂರು ಹೋಬಳಿಯ ಒಬ್ಬ ಕಾಫಿ ಬೆಳೆಗಾರ