ಟರ್ಮಿನಲ್‌ನ ಬಣ್ಣವನ್ನು ಯಾರು ಓದುತ್ತಾರೆ?

ಮಾನ್ಯರೆ,

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಬೋಧಿಸುತ್ತಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡಿ ಉತ್ತರವನ್ನು ಅಕ್ಷರಗಳಲ್ಲಿ ಪಡೆಯುವ ಕಿಟಕಿಯಲ್ಲಿ, ಓಡುವ ಪ್ರೋಗ್ರಾಂಗಳು ತಮ್ಮ ಔಟ್‌ಪುಟ್‌ಗೆ ಬಣ್ಣ ಕೊಡುವ ಬಗೆಯನ್ನು ಕುರಿತು ಈ ಪತ್ರ. ನಾನು ಬೋಧಿಸಿದ ಯಾವ ಪಠ್ಯಕ್ರಮದಲ್ಲೂ ಈ ವಿಷಯಕ್ಕೆ ಜಾಗವಿರಲಿಲ್ಲ.

ಕಳೆದ ಸೆಮಿಸ್ಟರ್‌ನ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಪದೇ ಪದೇ ಪಕ್ಕದವನತ್ತ ವಾಲುತ್ತಿದ್ದುದನ್ನು ಕಂಡು, ನಕಲು ಮಾಡುತ್ತಿದ್ದಾನೆಂದು ಭಾವಿಸಿ ಗದರಿಸಲು ಹೋದೆ. ಅವನ ತೆರೆಯ ಮೇಲೆ ಒಂದೇ ಸಾಲಿನಲ್ಲಿ ಹತ್ತು ಚುಕ್ಕೆಗಳಿದ್ದವು: ಸರಿಯಾದ ಉತ್ತರಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ‘ಮೇಡಂ, ಇದರಲ್ಲಿ ಕೆಂಪು ಯಾವುದು ಅಂತ ಕೇಳಿದೆ, ಅಷ್ಟೇ’ ಎಂದ. ಉತ್ತರಗಳನ್ನು ಪರೀಕ್ಷಿಸಿ ಆ ಚುಕ್ಕೆಗಳನ್ನು ತೋರಿಸುವ ಸ್ಕ್ರಿಪ್ಟನ್ನು (ಪುಟ್ಟ ಪ್ರೋಗ್ರಾಂ) ಬರೆದವಳು ನಾನೇ. ಕೆಂಪು–ಹಸಿರು ವರ್ಣಾಂಧತೆ ಹುಟ್ಟಿನಿಂದಲೇ ಬರುವಂಥದ್ದು, ಗಂಡಸರಲ್ಲೇ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡಕ್ಕೊಬ್ಬರಿಗೆ ಅದು ಇರುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ, ಅರವತ್ತು ಮಂದಿಯ ತರಗತಿಯಲ್ಲಿ ಒಬ್ಬನಾದರೂ ಇರಬಹುದೆಂದು ನಾನು ಯೋಚಿಸಬೇಕಿತ್ತು. ದೃಷ್ಟಿಯಿಲ್ಲದವರು ಬಳಸುವ, ತೆರೆಯನ್ನು ಓದಿ ಹೇಳುವ ತಂತ್ರಾಂಶವೂ ಸಾಮಾನ್ಯವಾಗಿ ಅಕ್ಷರಗಳನ್ನು ಓದುತ್ತದೆಯೇ ಹೊರತು ಬಣ್ಣವನ್ನಲ್ಲ. ಈಗ ಆ ಸ್ಕ್ರಿಪ್ಟ್ ಚುಕ್ಕೆಯ ಬದಲು ‘ಸರಿ’, ‘ತಪ್ಪು’ ಎಂಬ ಮಾತನ್ನೇ ಮುದ್ರಿಸುತ್ತದೆ; ಬಣ್ಣವಿದೆ, ಆದರೆ ಅದು ಆ ಮಾತಿಗೆ ಒತ್ತು ಕೊಡಲು ಮಾತ್ರ.

ಇನ್ನೊಂದು ತೊಂದರೆ ರೆಕಾರ್ಡ್ ಪುಸ್ತಕಗಳಲ್ಲಿ ಕಾಣುತ್ತದೆ. ಔಟ್‌ಪುಟ್ಟನ್ನು ಕಡತಕ್ಕೆ ಉಳಿಸಿ ಮುದ್ರಿಸಿದಾಗ ಪ್ರತಿ ಸಾಲಿನಲ್ಲೂ ಆವರಣ ಚಿಹ್ನೆ, 31 ಎಂಬ ಸಂಖ್ಯೆ, ‘ಎಂ’ ಅಕ್ಷರ ಹೀಗೆ ಅರ್ಥವಾಗದ ಚೂರುಗಳು ಹರಡಿಕೊಂಡಿರುತ್ತವೆ. ವಿದ್ಯಾರ್ಥಿಗಳು ಇದನ್ನು ಪ್ರಿಂಟರ್‌ನ ದೋಷವೆಂದು ತಿಳಿಯುತ್ತಾರೆ. ವಾಸ್ತವವಾಗಿ ಟರ್ಮಿನಲ್‌ಗೆ ಬಣ್ಣ ತಲುಪುವ ದಾರಿಯೇ ಇದು: ಎಸ್ಕೇಪ್ ಎಂಬ, 27 ಸಂಕೇತ ಸಂಖ್ಯೆಯ ಅಕ್ಷರ, ಅದರ ನಂತರ ಚೌಕ ಆವರಣ, ಬಣ್ಣದ ಸಂಖ್ಯೆ, ಕೊನೆಗೆ ‘ಎಂ’. 31 ಎಂದರೆ ಕೆಂಪು, 32 ಎಂದರೆ ಹಸಿರು, 0 ಎಂದರೆ ಮೊದಲಿನ ಸ್ಥಿತಿಗೆ ಮರಳು ಎಂದರ್ಥ. 1970ರ ದಶಕದಲ್ಲಿ ಮಾನಕವಾಗಿ ರೂಪುಗೊಂಡ ಈ ಸಂಕೇತ ಪದ್ಧತಿಯನ್ನು 1978ರಲ್ಲಿ ಬಂದ ವಿಟಿ100 ಟರ್ಮಿನಲ್ ಜನಪ್ರಿಯಗೊಳಿಸಿತು. ಆ ಯಂತ್ರಕ್ಕೇ ಬಣ್ಣ ತೋರಿಸುವ ಶಕ್ತಿ ಇರಲಿಲ್ಲವೆಂಬುದು ಗಮನಾರ್ಹ. ಟರ್ಮಿನಲ್ ಈ ಸಂಕೇತಗಳನ್ನು ಓದಿ ಮರೆಮಾಡುತ್ತದೆ, ಕಡತ ಅವುಗಳನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುತ್ತದೆ. ಪ್ರೋಗ್ರಾಂ ತನ್ನ ಕೆಲಸದ ವಿವರ ದಾಖಲಿಸುವ ಲಾಗ್ ಕಡತದಲ್ಲಿ ‘ದೋಷ 12’ ಎಂದು ಹುಡುಕಿದರೆ ಸಾಲು ಸಿಗದೇ ಹೋಗಬಹುದು, ಏಕೆಂದರೆ ಟರ್ಮಿನಲ್‌ನಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದು ಆ ಎರಡು ಪದಗಳ ನಡುವೆ ಕುಳಿತಿರುತ್ತದೆ.

ಇದಕ್ಕೆ ಪರಿಹಾರ ಒಂದೇ ಸಾಲಿನ ಕೆಲಸ. ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ ಅಲ್ಲವೋ ಎಂದು ತಿಳಿಸುವ ‘ಈಸ್‌ಎಟಿಟಿವೈ’ ಎಂಬ ಫಂಕ್ಷನ್ ಯುನಿಕ್ಸ್‌ನ ಸಿ ಭಾಷೆಯಲ್ಲೂ ಇದೆ, ಪೈಥಾನ್‌ನಲ್ಲೂ ಇದೆ. ಅದು ಹೌದೆಂದರೆ ಬಣ್ಣ ಕೊಡಬೇಕು, ಇಲ್ಲವೆಂದರೆ ಬರಿಯ ಅಕ್ಷರಗಳನ್ನು ಕಳಿಸಬೇಕು. ದೋಷ ಸಂದೇಶಗಳು ಬೇರೆ ದಾರಿಯಲ್ಲಿ ಹೋಗುವುದರಿಂದ ಆ ದಾರಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ಲಿನಕ್ಸ್‌ನ ‘ಎಲ್‌ಎಸ್’ (ಕಡತಗಳ ಪಟ್ಟಿ ತೋರಿಸುವ ಆದೇಶ) ಮತ್ತು ‘ಗ್ರೆಪ್’ (ಪದ ಹುಡುಕುವ ಆದೇಶ) ಬಣ್ಣವನ್ನು ಯಾವಾಗಲೂ ಕೊಡು, ಎಂದೂ ಕೊಡಬೇಡ, ಸಂದರ್ಭ ನೋಡಿ ಕೊಡು ಎಂಬ ಮೂರು ಆಯ್ಕೆಗಳನ್ನು ಬಳಕೆದಾರರಿಗೇ ಬಿಟ್ಟಿವೆ. ಇವುಗಳ ಜೊತೆಗೆ 2017ರಿಂದ ‘ನೋ ಕಲರ್’ ಎಂಬ ಒಡಂಬಡಿಕೆಯೂ ಬಳಕೆಯಲ್ಲಿದೆ. ಆ ಹೆಸರಿನ ಪರಿಸರ ಚರಾಂಕಕ್ಕೆ (ಪ್ರೋಗ್ರಾಂಗಳು ಓದಿಕೊಳ್ಳಲೆಂದು ಬಳಕೆದಾರರು ಇರಿಸುವ ಸೆಟ್ಟಿಂಗ್) ಬಳಕೆದಾರರು ಏನಾದರೂ ಬೆಲೆ ಕೊಟ್ಟಿದ್ದರೆ, ಪ್ರೋಗ್ರಾಂ ತಾನಾಗಿ ಬಣ್ಣ ಸೇರಿಸಬಾರದು.

ಬಣ್ಣದ ಆಯ್ಕೆಯಲ್ಲೂ ಎಚ್ಚರ ಬೇಕು. ನಮ್ಮ ಪ್ರಯೋಗಾಲಯದ ಅರ್ಧ ಯಂತ್ರಗಳ ಟರ್ಮಿನಲ್ ಬಿಳಿ, ಉಳಿದರ್ಧ ಕಪ್ಪು. ಬಿಳಿಯ ಮೇಲೆ ಹಳದಿ ಎಚ್ಚರಿಕೆ ಓದಲು ಬಾರದು, ಕಪ್ಪಿನ ಮೇಲೆ ಗಾಢ ನೀಲಿಯೂ ಹಾಗೆಯೇ. 30ರಿಂದ 37ರವರೆಗಿನ ಎಂಟು ಮೂಲ ಬಣ್ಣಗಳ ನಿಜವಾದ ಛಾಯೆಯನ್ನು ಬಳಕೆದಾರರು ತಮ್ಮ ಟರ್ಮಿನಲ್‌ನಲ್ಲಿ ಬದಲಿಸಿಕೊಳ್ಳಬಹುದಾದ್ದರಿಂದ, ಸ್ಥಿರವಾದ ಛಾಯೆಗಳನ್ನು ಹೇರುವುದಕ್ಕಿಂತ ಅವುಗಳನ್ನೇ ಬಳಸುವುದು ಹಿತವೆಂದು ನನ್ನ ಅಭಿಪ್ರಾಯ.

ವಿಶ್ವವಿದ್ಯಾಲಯಗಳ ಪಠ್ಯಕ್ರಮ ಸಮಿತಿಗಳಲ್ಲಿ ನನ್ನದೊಂದು ವಿನಂತಿ. ಪ್ರಯೋಗಾಲಯದ ಕೈಪಿಡಿಯಲ್ಲಿ ಇದಕ್ಕಾಗಿ ಒಂದೇ ಒಂದು ಪ್ರಯೋಗವಿರಲಿ: ಬಣ್ಣದ ಔಟ್‌ಪುಟ್ ಕೊಡುವ ಪುಟ್ಟ ಪ್ರೋಗ್ರಾಂ ಬರೆದು, ಅದನ್ನು ಮೊದಲು ತೆರೆಯ ಮೇಲೆ, ಬಳಿಕ ಕಡತಕ್ಕೆ, ಆಮೇಲೆ ‘ನೋ ಕಲರ್’ ಇರಿಸಿಕೊಂಡು ಓಡಿಸಿ, ಮೂರರ ಮುದ್ರಿತ ಪ್ರತಿಯನ್ನೂ ರೆಕಾರ್ಡಿಗೆ ಅಂಟಿಸಬೇಕು. ಎರಡು ಗಂಟೆಯ ಒಂದು ತರಗತಿ ಇದಕ್ಕೆ ಸಾಕು.

– ಒಬ್ಬ ಉಪನ್ಯಾಸಕಿ, ದಾವಣಗೆರೆ