ಕೌದಿಗೆ ‘ಸೇಮ್ ಪೀಸ್’ ಇರಲ್ಲ

ಮಾನ್ಯ ಸಂಪಾದಕರೇ,

ಕರಕುಶಲ ವಸ್ತು ಮಾಡೋರೆಲ್ಲ ಆನ್‌ಲೈನಿಗೆ ಬನ್ನಿ ಅಂತ ಈಗ ಎಲ್ಲಾ ಕಡೆ ಹೇಳ್ತಿದಾರೆ, ಒಳ್ಳೇದೇ, ಆದ್ರೆ ಕೊಡೋ ಟ್ರೇನಿಂಗ್ ರೀಲ್ಸ್ ಮಾಡಿ, ಹ್ಯಾಶ್‌ಟ್ಯಾಗ್ ಹಾಕಿ, ಆಫರ್ ಕೊಡಿ ಅನ್ನೋದ್ರಲ್ಲೇ ಮುಗಿದುಹೋಗುತ್ತೆ. ಧಾರವಾಡದ ಕಡೆ ನಮ್ಮತ್ತೆ ಮತ್ತೆ ಅವರ ಓಣಿ ಹೆಂಗಸರು ಹೊಲಿಯೋ ಕೌದಿಗಳನ್ನ ನಾನು ಇಲ್ಲಿ ರಾಜಾಜಿನಗರದಿಂದ ಇನ್‌ಸ್ಟಾಗ್ರಾಂ, ವಾಟ್ಸಾಪಲ್ಲಿ ಮಾರ್ತೀನಿ, ಅದಕ್ಕೇ ಬರೀತಿದೀನಿ.

ಹಳೇ ಸೀರೆ, ಧೋತ್ರ ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಪೂರ್ತಿ ಕೈಯಲ್ಲೇ ಹೊಲಿಯೋದು ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿಂದ ಶುರು ಮಾಡಿ ಸುತ್ತಾ ಬಂದು ನಡುವಿಗೆ ಮುಗಿಸ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ‘ಫುಲಾ’ (ಹೂವು) ಇಡ್ತಾರೆ. ಮನೇಲಿ ಯಾವ ಬಟ್ಟೆ ಇತ್ತೋ ಅದೇ ಬಣ್ಣ, ಹಾಗಾಗಿ ಒಂದರ ಥರ ಇನ್ನೊಂದು ಬರೋದೇ ಇಲ್ಲ.

ಆನ್‌ಲೈನ್ ಅಂಗಡಿಗಳಿಗೆ ಬೇಕಿರೋದು ಒಂದು ಫೋಟೋ, ನೂರು ಪೀಸ್ ಸ್ಟಾಕ್. ಅದಕ್ಕೆ ಹೊಂದ್ಕೊಳ್ಳೋಕೆ ಹೋಗಿ ಕೆಲವರು ಚೆನ್ನಾಗಿರೋ ಒಂದು ಕೌದಿ ಫೋಟೋ ಹಾಕಿ ಬೇರೇನೋ ಕಳಿಸ್ತಾರೆ, ಅದು ವಾಪಸ್ ಬರುತ್ತೆ, ತಗೊಂಡೋರು ಇನ್ಯಾವತ್ತೂ ಕೈಕೆಲಸದ್ದು ನಂಬಲ್ಲ. ದಯವಿಟ್ಟು ಪ್ರತಿ ಕೌದಿಗೂ ಅದರದ್ದೇ ಫೋಟೋ ಹಾಕಿ, ಅದರದ್ದೇ ರೇಟು ಹಾಕಿ, ಮಾರಿದ ಮೇಲೆ ತೆಗೀರಿ. ಹಿಂಭಾಗದ ಫೋಟೋ ಅಂತೂ ಬೇಕೇ ಬೇಕು, ಹೊಲಿಗೆ ಒಂದು ಗಿಡ್ಡ ಒಂದು ಉದ್ದ, ದಾರ ಮುಗಿದಲ್ಲಿ ಸಣ್ಣ ಗಂಟು, ಕೈ ಆಡಿರೋದು ಅಲ್ಲೇ ಗೊತ್ತಾಗೋದು, ಪ್ಯಾಚ್‌ವರ್ಕ್ ಥರ ಪ್ರಿಂಟ್ ಹೊಡೆದ ಬೆಡ್‌ಶೀಟಲ್ಲಿ ಅದು ಸಿಗಲ್ಲ. ಟ್ಯೂಬ್‌ಲೈಟಲ್ಲಿ ತೆಗೀಬೇಡಿ, ಬಣ್ಣ ಬೇರೆ ಬರುತ್ತೆ. ಹಳೇ ಸೀರೆದು ಅನ್ನೋದನ್ನೂ ಮುಚ್ಚಿಡಬೇಡಿ, ಅದರ ಮೆತ್ತಗಿನ ಗುಣ ಬಂದಿರೋದೇ ಅದ್ರಿಂದ.

ಇನ್ನು ಕೊರಿಯರ್, ಲಾಭ ಎಲ್ಲ ಸೋರಿಹೋಗೋದು ಇಲ್ಲೇ ಮತ್ತೆ ಇದನ್ನ ಯಾರೂ ಹೇಳಿಕೊಡಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ರಿಂದ ಭಾಗಿಸ್ತಾರೆ, ಬಂದಿದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ರೆ ಅದಕ್ಕೇ ಚಾರ್ಜು. ಎರಡೂವರೆ ಕೆಜಿ ಕೌದಿನ 45, 35, 20ರ ಬಾಕ್ಸಲ್ಲಿ ಸಡಿಲವಾಗಿ ಇಟ್ರೆ 6.3 ಕೆಜಿಗೆ ದುಡ್ಡು ಕಟ್ಟಬೇಕು, ಅದನ್ನೇ ಬಿಗಿಯಾಗಿ ಮಡಚಿ ಕಟ್ಟಿ 40, 30, 12ಕ್ಕೆ ಇಳಿಸಿದ್ರೆ 2.88. ಫ್ರೀ ಡೆಲಿವರಿ ಅಂತ ಹಾಕೋ ಮುಂಚೆ ಈ ಲೆಕ್ಕ ಮಾಡಿ, ಇಲ್ಲಾಂದ್ರೆ ಆ ದುಡ್ಡು ಹೋಗೋದು ಹೊಲಿದವರ ಕೂಲಿಯಿಂದಲೇ. ಫೆಸ್ಟಿವಲ್ ಡಿಸ್ಕೌಂಟೂ ಅಷ್ಟೇ. ವಾರಗಟ್ಟಲೆ ಕೂತು ಹೊಲಿದಿದ್ದಕ್ಕೆ ಅರ್ಧ ರೇಟು ಅನ್ನೋದು ನನಗೆ ಅನ್ಯಾಯ ಅನ್ಸುತ್ತೆ.

ಜಿಎಸ್‌ಟಿ ಭಯಕ್ಕೇ ಎಷ್ಟೋ ಹೆಂಗಸರು ದೊಡ್ಡ ವೆಬ್‌ಸೈಟ್ ಕಡೆ ಹೋಗಲ್ಲ. 2023ರ ಅಕ್ಟೋಬರ್ 1ರಿಂದ ರೂಲ್ ಬದಲಾಗಿದೆ, ವಹಿವಾಟು ಮಿತಿಯೊಳಗಿದ್ರೆ, ನಮ್ಮ ರಾಜ್ಯದಲ್ಲಿ ವಸ್ತುಗಳಿಗೆ ವರ್ಷಕ್ಕೆ 40 ಲಕ್ಷ, ರಿಜಿಸ್ಟ್ರೇಷನ್ ಇಲ್ದೆನೂ ಇಂಥ ಸೈಟಲ್ಲಿ ರಾಜ್ಯದೊಳಗೆ ಮಾರಬಹುದು, ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೋಬೇಕು ಅಷ್ಟೇ. ಈ ಮಾಹಿತಿ ನಮ್ಮತ್ತೆ ಓಣಿಗೆ ಇವತ್ತಿಗೂ ಮುಟ್ಟಿಲ್ಲ. ನಿಮ್ಮ ಪತ್ರಿಕೆ ಅಲ್ಲಿಗೆ ದಿನಾ ಹೋಗುತ್ತೆ, ಟ್ಯಾಕ್ಸ್ ಗೊತ್ತಿರೋ ಒಬ್ಬರಿಂದ ಇದನ್ನ ಸರಳ ಕನ್ನಡದಲ್ಲಿ ಬರೆಸಿ ಹಾಕಿ ಸಾರ್, ಫಾರ್ಮ್ ಎಲ್ಲಿ ಸಿಗುತ್ತೆ, ಹೇಗೆ ತುಂಬೋದು ಅನ್ನೋದೂ ಇರಲಿ.

ಇಂತಿ,
ಓದುಗಿ, ರಾಜಾಜಿನಗರ, ಬೆಂಗಳೂರು